ಎಂಬತ್ತೈದರ ಜೋಡಿ

ರಾಯ್ಸ್ ಹ್ಯಾಚರ್ ಮಗಳು ಕೊರಿನ್‌ಳನ್ನು ಕರೆದುಕೊಂಡು ಸಿಲಿಂಡರ್ ಕೊಳ್ಳಲು ಬಂದ ದಿನ ನಾನು ಇನ್ನೂ ಸ್ವಲ್ಪ ಜೋರಾಗಿ ಜಗಳವಾಡಬೇಕಿತ್ತು. ಪರ್ಡಿ ಬುಗ್ಗೆಯ ಪಕ್ಕದ ಈ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ನೀರಿನಡಿಯ ಗುಹೆಗೆ ಮುಳುಗುವವರಿಗೆ ಸಿಲಿಂಡರಿನಲ್ಲಿ ಉಸಿರಾಡುವ ಗಾಳಿ ತುಂಬಿಸಿ ಕೊಡುತ್ತಿದ್ದೇನೆ. ಯಾರ ಬೆನ್ನಿಗೆ ಯಾವ ಅಳತೆ ಸರಿ ಎಂದು ಅವರು ಬಾಗಿಲು ದಾಟುವಾಗಲೇ ನನಗೆ ಗೊತ್ತಾಗುತ್ತದೆ. ನನ್ನ ಮಾತು ಕೇಳುವವರು ಯಾರೂ ಇಲ್ಲ ಎನ್ನುವುದು ಬೇರೆ ವಿಷಯ.

"ಇವಳಿಗೊಂದು ನೂರನಾಲ್ಕರ ಜೋಡಿ ಕೊಡು, ವರ್ಲೀನ್," ಎಂದ ರಾಯ್ಸ್.

"ಎಂಬತ್ತೈದು," ಎಂದೆ.

"ನೂರನಾಲ್ಕು."

"ಹೊರೋ ಬೆನ್ನು ನಿಂದಾ, ಅವಳ್ದಾ?"

ನಮ್ಮಲ್ಲಿ ಸಿಲಿಂಡರಿಗೆ ಹೆಸರಿಲ್ಲ. ಎಷ್ಟು ಘನ ಅಡಿ ಗಾಳಿ ಹಿಡಿಯುತ್ತದೋ ಆ ಅಂಕಿಯೇ ಅದರ ಹೆಸರು. ನೀರಿನಡಿಯ ಗುಹೆಗೆ ಹೋಗುವವರು ಒಂದೇ ಅಳತೆಯ ಎರಡನ್ನು ಜೋಡಿಸಿ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ತುಂಬಿದ ನೂರನಾಲ್ಕರ ಜೋಡಿ, ಪಟ್ಟಿ ಪರಿಕರ ಎಲ್ಲ ಸೇರಿ, ನೂರ ಮೂವತ್ತೈದು ಪೌಂಡು ತೂಗುತ್ತದೆ. ಕೊರಿನ್ ಸ್ವತಃ ನೂರ ಹದಿನೈದು ಪೌಂಡಿನವಳು. ಅಪ್ಪ ಆರಡಿ ಮೂರಂಗುಲದ ಆಸಾಮಿ, ಮಗಳು ಐದಡಿ ದಾಟಿದ್ದೇ ಹೆಚ್ಚು.

"ಪರವಾಗಿಲ್ಲ ಮಿಸ್ ವರ್ಲೀನ್, ಅಪ್ಪ ಹೇಳಿದ್ದೇ ಇರ್ಲಿ," ಎಂದಳು ಕೊರಿನ್. ನಾನು ಬಾಯಿ ಮುಚ್ಚಿಕೊಂಡು ನೂರನಾಲ್ಕರ ಜೋಡಿ ಕೊಟ್ಟೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಅವಳು ಯಾಕೆ ಒಪ್ಪಿಕೊಂಡಳು ಎಂದು ನನಗೆ ಗೊತ್ತಿತ್ತು. ಆರು ವರ್ಷದವಳಿದ್ದಾಗ ತಾಯಿಯ ಜೊತೆ ಒಹಾಯೊಗೆ ಹೋದವಳು ಮೂವತ್ತನಾಲ್ಕನೇ ವಯಸ್ಸಿಗೆ ಮರಳಿ ಬಂದಿದ್ದಳು. ಇಲ್ಲಿ ಶಾಲಾ ಬಸ್ ಓಡಿಸುತ್ತಿದ್ದಳು. ಅಪ್ಪ ಮಗಳ ನಡುವೆ ಆಡಲು ಮಾತೇ ಇರಲಿಲ್ಲ. ಒಟ್ಟಿಗೆ ತಿಂಡಿಗೆ ಕೂತರೆ ಒಬ್ಬರು ಮೊಟ್ಟೆ ನೋಡುವುದು, ಇನ್ನೊಬ್ಬರು ಕಿಟಕಿ ನೋಡುವುದು. ಅವಳು ಗುಹೆಯ ತರಬೇತಿ ಮುಗಿಸಿದ ಮೇಲೆ ಶನಿವಾರ ಶನಿವಾರ ಇಬ್ಬರೂ ಬುಗ್ಗೆಗೆ ಬರಲು ಶುರು ಮಾಡಿದರು. ನೀರಿನೊಳಗೆ ಯಾರೂ ಮಾತಾಡುವಂತಿಲ್ಲವಲ್ಲ, ಇಬ್ಬರಿಗೂ ಅದು ಚೆನ್ನಾಗಿ ಒಗ್ಗಿತು. ಆ ಶನಿವಾರಗಳು ತಪ್ಪಿದರೆ ಅಪ್ಪನೂ ತಪ್ಪಿಹೋಗುತ್ತಾನೆ ಎಂಬ ಹೆದರಿಕೆ ಅವಳಿಗೆ.

ರಾಯ್ಸ್‌ನ ಹಠಕ್ಕೂ ಕಾರಣವಿತ್ತು. ಗುಹೆಯ ಬಹಳ ಒಳಗೆ ನಾವು ಕೊಟ್ಟಿಗೆ ಎಂದು ಕರೆಯುವ ಒಂದು ಕೋಣೆಯಿದೆ. ಲೈಟ್ ಹಾಯಿಸಿದರೂ ಆಚೆ ಗೋಡೆ ಕಾಣುವುದಿಲ್ಲ, ಅಷ್ಟು ದೊಡ್ಡದು. ಮೂವತ್ತು ವರ್ಷದಲ್ಲಿ ಅವನು ಅಲ್ಲಿಗೆ ನೂರು ಸಲವಾದರೂ ಹೋಗಿದ್ದಾನೆ. ಮಗಳಿಗೆ ಅದನ್ನು ತೋರಿಸಬೇಕು ಎನ್ನುವುದೊಂದೇ ಅವನ ತಲೆಯಲ್ಲಿತ್ತು. ವಯಸ್ಸು ಅರವತ್ತೇಳು ಬೇರೆ.

ಅಷ್ಟು ದೂರ ಹೋಗಲು ಗಾಳಿಯ ಲೆಕ್ಕ ಬಿಗಿ. ಮೂರರಲ್ಲಿ ಒಂದು ಪಾಲು ಒಳಗೆ ಹೋಗಲು, ಒಂದು ಪಾಲು ಹೊರಗೆ ಬರಲು, ಉಳಿದ ಪಾಲು ಜೊತೆಗಾರನ ಜೀವಕ್ಕೆ. ಇಬ್ಬರ ಸಿಲಿಂಡರೂ ಒಂದೇ ಅಳತೆಯದಾದರೆ ಸಮಸ್ಯೆಯಿಲ್ಲ. ಒಬ್ಬರದು ಚಿಕ್ಕದಾದರೆ ದೊಡ್ಡದಿರುವವನೂ ಚಿಕ್ಕದರ ಮೂರನೇ ಒಂದು ಪಾಲಿನಷ್ಟು ಗಾಳಿ ಬಳಸಿದೊಡನೆ ಹಿಂತಿರುಗಬೇಕು. ಕೊರಿನ್ ಬೆನ್ನಿಗೆ ಎಂಬತ್ತೈದು ಬಂದರೆ ರಾಯ್ಸ್‌ಗೆ ಕೊಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಮಗಳಿಗೂ ನೂರನಾಲ್ಕು.

ನೂರನಾಲ್ಕನ್ನು ಹೊತ್ತು ಮೊದಲ ಎರಡು ಶನಿವಾರ ಅವಳು ಬುಗ್ಗೆಯ ಮೂವತ್ತೆಂಟು ಮೆಟ್ಟಿಲನ್ನು ಹೇಗೋ ಇಳಿದು ಹತ್ತಿದಳು. ಮೂರನೆಯ ಶನಿವಾರ ನಾನು ಮಧ್ಯಾಹ್ನದ ಊಟದ ಪೊಟ್ಟಣ ಹಿಡಿದು ಬುಗ್ಗೆಯ ದಡದ ಬೆಂಚಿನ ಮೇಲೆ ಕೂತಿದ್ದೆ. ಮುಕ್ಕಾಲು ಗಂಟೆಯಾದರೂ ಒಳಗಿರಬೇಕಾದವರು ಇಪ್ಪತ್ತೇ ನಿಮಿಷಕ್ಕೆ ಮೇಲೆ ಬಂದರು. ಒಳಗೆ ಕೊರಿನ್ ಹೆಬ್ಬೆರಳು ಎತ್ತಿದ್ದಳಂತೆ. ದಡದಲ್ಲಿ ಹೆಬ್ಬೆರಳು ಎತ್ತಿದರೆ ಭೇಷ್ ಎಂದರ್ಥ, ನೀರಿನಲ್ಲಿ ಎತ್ತಿದರೆ ಇಲ್ಲಿಗೆ ಸಾಕು, ಹೊರಗೆ ನಡೆ ಎಂದರ್ಥ. ಯಾರು ಬೇಕಾದರೂ ಎತ್ತಬಹುದು, ಯಾವಾಗ ಬೇಕಾದರೂ ಎತ್ತಬಹುದು. ಯಾಕೆ ಎಂದು ಮಾತ್ರ ಯಾರೂ ಕೇಳಬಾರದು. ಬಾಯಿಬಿಟ್ಟು ಹೇಳುವುದು ಅವರವರ ಇಷ್ಟ. ಗುಹೆಗೆ ಇಳಿಯುವವರಲ್ಲಿ ಇದಕ್ಕಿಂತ ದೊಡ್ಡ ಕಟ್ಟಳೆ ಇಲ್ಲ.

ರಾಯ್ಸ್ ಬಾಯಿಂದ ಉಸಿರುಗೊಳವೆ ತೆಗೆದವನೇ, "ಯಾಕೆ?" ಎಂದ.

ಪಕ್ಕದಲ್ಲಿ ಕಾಲಿಗೆ ಈಜುರೆಕ್ಕೆ ಹಾಕಿಕೊಳ್ಳುತ್ತಿದ್ದ ಇಬ್ಬರು ತಲೆ ಎತ್ತಿ ನೋಡಿದರು.

"ಗಾಳಿ ಬೇಕಾದಷ್ಟಿತ್ತು. ಲೈಟ್ ಸರಿ ಇತ್ತು. ಯಾಕೆ ಅಂತ?"

"ಸುಮ್ನೆ," ಎಂದಳು. ಮುಖ ಕೆಂಪಾಗಿತ್ತು. ಎದ್ದು ಹೋಗಿ ನಾಲ್ಕು ಮಾತು ಬಿಗಿಯಬೇಕು ಅನ್ನಿಸಿತು. ಅಪ್ಪ ಮಗಳ ನಡುವೆ ಮೂಗು ತೂರಿಸುವುದು ಬೇಡವೆಂದು ಕೂತೇ ಇದ್ದೆ. ಎರಡನೇ ಸಲ ತಪ್ಪು ಮಾಡಿದೆ.

ಮುಂದಿನ ಶನಿವಾರ ಐವತ್ತು ನಿಮಿಷ ಒಳಗಿದ್ದು ಬಂದರು. ಕೊಟ್ಟಿಗೆ ಇನ್ನು ಸ್ವಲ್ಪವೇ ದೂರ ಎಂದು ರಾಯ್ಸ್ ಖುಷಿಯಾಗಿದ್ದ. ಕೊರಿನ್ ಸಿಲಿಂಡರ್ ತುಂಬಿಸಲು ಅಂಗಡಿಗೆ ಬಂದಾಗ ಪುಸ್ತಕದಲ್ಲಿ ಸಹಿ ಹಾಕುವ ಜಾಗದಲ್ಲಿ ತಾರೀಕು ಬರೆದು, ಹೊಡೆದುಹಾಕಿ, ಮತ್ತೆ ತಾರೀಕನ್ನೇ ಬರೆದಳು.

"ಕೂತ್ಕೋ," ಎಂದೆ. "ಏನಾಯ್ತು?"

"ಭಾರಕ್ಕೆ ಕಾಲು ಕೆಳಗೆ ಎಳೀತಾ ಇತ್ತು ಮಿಸ್ ವರ್ಲೀನ್. ಮಟ್ಟಸವಾಗಿ ಇರೋಕೇ ಆಗ್ತಿಲ್ಲ. ಕೆಸರೆಲ್ಲ ಎದ್ದು ಹೊರಗಿನ ದಾರಿ ತೋರ್ಸೋ ಹಗ್ಗ ಕಾಣಿಸ್ಲಿಲ್ಲ. ಉಸಿರು ಮೇಲಕ್ಕೆ ಹತ್ಕೊಂಡ್ಬಿಡ್ತು."

"ಬೆರಳು ಎತ್ತಬಾರ್ದಿತ್ತಾ?"

"ಎತ್ತೋಣ ಅಂತ ಕೈ ಎದೆವರೆಗೂ ತಂದೆ. ಆಮೇಲೆ ಅಪ್ಪ ಕೇಳ್ತಾನಲ್ಲ ಅನ್ನಿಸ್ತು. ಕೈ ಇಳಿಸ್ಬಿಟ್ಟೆ."

ಗಾಳಿ ಮುಗಿದು ಸತ್ತವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಗಾಳಿ ಮುಗಿಯುವುದಕ್ಕೆ ಬಹಳ ಮೊದಲೇ ಎತ್ತಬೇಕಾದ ಬೆರಳನ್ನು ಎತ್ತದೆ ಇದ್ದವರು. ಇವಳು ಇನ್ನೊಂದು ಶನಿವಾರ ಹೀಗೇ ಹೋದರೆ ವಾಪಸು ಬರುವುದಿಲ್ಲ ಎಂದು ನನಗೆ ಖಚಿತವಾಯಿತು. ಅವಳ ಸಿಲಿಂಡರನ್ನು ಒಳಗೆ ಎಳೆದಿಟ್ಟು ಬೀಗ ಹಾಕಿದೆ.

ಸೋಮವಾರ ರಾಯ್ಸ್ ಬುಸುಗುಡುತ್ತ ಬಂದ.

"ನನ್ನ ಮಗಳ ಸಿಲಿಂಡರ್ ಇಟ್ಕೊಳೋಕೆ ನೀನ್ಯಾರು?"

"ಗಾಳಿ ತುಂಬೋಳು. ನೂರನಾಲ್ಕಕ್ಕೆ ತುಂಬಲ್ಲ. ಅಗೋ ಅಲ್ಲಿ ಎಂಬತ್ತೈದರ ಜೋಡಿ ಇದೆ. ಬೇಕಾದ್ರೆ ಅವಳು ಅದನ್ನ ಒಯ್ಲಿ."

"ಅದರಲ್ಲಿ ಕೊಟ್ಟಿಗೆಗೆ ಹೋಗೋಕಾಗುತ್ತಾ?"

"ಆಗಲ್ಲ."

"ಮತ್ತೆ?"

"ಮತ್ತೆ ಏನು? ಹೋಗ್ಬೇಡಿ."

ಅವನು ಗೋಡೆಯ ಮೇಲಿನ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ತೆಗೆದುಕೊಂಡ. ಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತೇನೆ ಎಂದುಕೊಂಡನೋ ಏನೋ. "ಅವಳು ಕಡಿಮೆ ಉಸಿರಾಡ್ತಾಳೆ, ಅವಳದ್ದು ಉಳಿಯುತ್ತೆ. ನಾನು ನನ್ನ ಪಾಲು ಪೂರ್ತಿ ಬಳಸಿದ್ರೆ ಏನು ಗಂಟು ಹೋಗುತ್ತೆ?"

"ಹೆದರಿದವಳು ಕಡಿಮೆ ಉಸಿರಾಡಲ್ಲ. ಕೊಡಿಲ್ಲಿ." ಸೀಮೆಸುಣ್ಣ ಕಿತ್ತುಕೊಂಡೆ. ಹೆಸರಿನ ಅಂಕಿಗಿಂತ ಹೆಚ್ಚು ಹಿಡಿಯುವಂತೆ ನಾವು ಒತ್ತಿ ತುಂಬಿಸುತ್ತೇವೆ, ಆ ಒತ್ತಡಕ್ಕೆ ಎಂಬತ್ತೈದರ ಜೋಡಿಯಲ್ಲಿ ಇನ್ನೂರ ಮೂವತ್ತೊಂದು ಘನ ಅಡಿ. ಅದರ ಮೂರನೇ ಒಂದು, ಅಂದರೆ ಅವಳ ಪಾಲು, ಎಪ್ಪತ್ತೇಳು. ನೂರನಾಲ್ಕರ ಜೋಡಿಯಲ್ಲಿ ಅವನ ಪಾಲು ತೊಂಬತ್ತನಾಲ್ಕು. "ಇಬ್ಬರೂ ಪಾಲು ಮುಗಿಸಿದ್ರಿ. ಅಲ್ಲಿ ನಿನ್ನ ಗಾಳಿ ಕೈಕೊಡ್ತು. ಇಬ್ಬರೂ ಅವಳದ್ದರಲ್ಲೇ ಹೊರಗೆ ಬರ್ಬೇಕು. ಬೇಕಾಗಿರೋದು ನೂರ ಎಪ್ಪತ್ತೊಂದು. ಅವಳ ಹತ್ರ ಇರೋದು ನೂರ ಐವತ್ತನಾಲ್ಕು. ಹದಿನೇಳು ಕಡಿಮೆ. ಅದು ಗುಹೆ ಬಾಗಿಲ ಹತ್ರ ಬಂದಾಗ ಮುಗಿಯುತ್ತೆ ರಾಯ್ಸ್. ಮುಗಿದಾಗ ಅವಳು ನಿಂಗೆ ಕೊಟ್ಟು ತಾನು ಇಲ್ಲದಂಗಾಗ್ತಾಳೆ. ಅಪ್ಪ ಹೇಳಿದ್ದೇ ಇರ್ಲಿ ಅನ್ನೋ ಹುಡುಗಿ ಅದು."

ಅವನು ಬೋರ್ಡನ್ನೇ ನೋಡುತ್ತ ನಿಂತ. ಈ ಲೆಕ್ಕ ಅವನಿಗೆ ಗೊತ್ತಿಲ್ಲದ್ದೇನಲ್ಲ, ಎಷ್ಟೋ ಜನಕ್ಕೆ ಅವನೇ ಕಲಿಸಿದ್ದು. ಮಗಳ ಹೆಸರು ಹಾಕಿ ಬಿಡಿಸಿ ನೋಡಿರಲಿಲ್ಲ ಅಷ್ಟೆ. ಕೊನೆಗೆ ಎಂಬತ್ತೈದರ ಜೋಡಿಯನ್ನು ತಾನೇ ಎತ್ತಿ ಗಾಡಿಗೆ ಹಾಕಿದ. ಹಾಕುವಾಗ ಸೊಂಟ ಹಿಡಿದುಕೊಂಡು ಒಂದು ಕ್ಷಣ ನಿಂತ. ನಾನು ಕಂಡರೂ ಕಾಣದಂತಿದ್ದೆ.

ಆ ಶನಿವಾರ ಊಟದ ಹೊತ್ತಿಗೆ ಅಂಗಡಿಗೆ ಬೀಗ ಹಾಕಿ ದಡಕ್ಕೆ ಹೋದೆ. ಕೊರಿನ್ ಎಂಬತ್ತೈದನ್ನು ಹೊತ್ತು ಮೆಟ್ಟಿಲಿಳಿದಳು, ನಡುವೆ ಎಲ್ಲೂ ಕಂಬಿ ಹಿಡಿಯಲಿಲ್ಲ. ನೀರಿನಲ್ಲಿ ಹಲಗೆಯ ಹಾಗೆ ಮಟ್ಟಸವಾಗಿ ಮಲಗಿದಳು. ರಾಯ್ಸ್ ತನ್ನ ನೂರನಾಲ್ಕನ್ನೇ ಕಟ್ಟಿಕೊಂಡಿದ್ದ. ಮೂರು ಸಾವಿರದ ಆರುನೂರಿನಿಂದ ಶುರುವಾದ ಅವನ ಒತ್ತಡಮಾಪಕದ ಮುಳ್ಳು ಎರಡು ಸಾವಿರದ ಏಳುನೂರಕ್ಕೆ ಇಳಿದ ಕೂಡಲೇ ಹಿಂತಿರುಗಬೇಕು, ಅದು ಒಪ್ಪಂದ. ಬೆನ್ನ ಮೇಲೆ ಅಷ್ಟೊಂದು ಗಾಳಿ ಹೊತ್ತುಕೊಂಡು, ಕೊಟ್ಟಿಗೆ ಇನ್ನು ನಾನೂರು ಅಡಿ ಇದೆ ಎನ್ನುವಾಗ ಅವನು ನಿಜಕ್ಕೂ ತಿರುಗುತ್ತಾನಾ ಎಂದು ನನಗೆ ಅನುಮಾನವಿತ್ತು. ಊಟದ ಪೊಟ್ಟಣ ಪಕ್ಕಕ್ಕಿಟ್ಟು ಗಡಿಯಾರ ನೋಡುತ್ತ ಕೂತೆ.

ಹದಿನೆಂಟು ನಿಮಿಷಕ್ಕೆ ಗುಳ್ಳೆ ಕಾಣಿಸಿತು.

ಮೊದಲು ಕೊರಿನ್ ತಲೆ ಎತ್ತಿದಳು. ಅವಳ ಕೈ ಅಪ್ಪನ ತೋಳು ಹಿಡಿದಿತ್ತು. ರಾಯ್ಸ್ ದಡದ ಕಲ್ಲಿಗೆ ಆತುಕೊಂಡು ಮುಖಕವಚ ಕಿತ್ತ. ಮುಖ ಬಿಳಿಚಿಕೊಂಡಿತ್ತು. ಕೊರಿನ್ ಏನೂ ಕೇಳಲಿಲ್ಲ. ಅವನ ಬೆನ್ನಿನ ಪಟ್ಟಿ ಬಿಚ್ಚಿ, ಭಾರವನ್ನು ನೀರಿನಲ್ಲೇ ತೇಲಿಸಿ ಹಿಡಿದು ಪಕ್ಕದಲ್ಲಿ ಕೂತಳು. ಈ ಸಲ ಬೆರಳು ಎತ್ತಿದವನು ಅವನೇ ಎಂದು ನನಗೆ ಗೊತ್ತಾಯಿತು. ಮೂವತ್ತು ವರ್ಷದಲ್ಲಿ ರಾಯ್ಸ್ ಹ್ಯಾಚರ್ ಹೆಬ್ಬೆರಳು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಎದ್ದು ಹೋಗುವುದೋ ಕೂರುವುದೋ ತಿಳಿಯದೆ ಕೂತಿದ್ದೆ. ಯಾರೂ ಕೇಳದೆ ಅವನೇ ಬಾಯಿಬಿಟ್ಟ.

"ಇಕ್ಕಟ್ಟಿನ ಜಾಗದಲ್ಲಿ ಸೊಂಟ ಹಿಡ್ಕೊಳ್ತು. ಕಾಲು ಆಡಿಸೋಕಾಗ್ಲಿಲ್ಲ. ನೀನು ಮುಂದೆ ಹಗುರಾಗಿ ಹೋಗ್ತಾ ಇದ್ದೆ." ನೀರನ್ನೇ ನೋಡುತ್ತ ಹೇಳಿದ. "ಹೆದರಿಕೆ ಆಯ್ತು ಕಣೇ."

"ನಂಗೆ ಮೊದಲ್ನೇ ಶನಿವಾರದಿಂದ್ಲೂ ಆಗ್ತಿತ್ತು, ಅಪ್ಪ."

"ಮತ್ತೆ ಯಾಕೆ ಬರ್ತಿದ್ದೆ?"

"ನೀನು ಬೇರೆಲ್ಲಿ ಸಿಗ್ತೀಯಾ?"

ರಾಯ್ಸ್ ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಜಗಳಕ್ಕೆ ನಿಂತವನ ದನಿಯಲ್ಲೇ, ತನಗೂ ಎಂಬತ್ತೈದರ ಇನ್ನೊಂದು ಜೋಡಿ ಇದೆಯಾ ಎಂದು ಕೇಳಿದ.