ಒಂಬತ್ತು ಪಾಯಿಂಟ್ ಎಂಟು

ಪರದೆಯ ಸರಳಿಗೆ ದಾರ ಕಟ್ಟಿ, ತುದಿಗೆ ಹಳೆಯ ಬೀಗ ನೇತುಹಾಕಿ, ಚಿಕ್ಕಮ್ಮ ಬೆಳಗಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದಳು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗ ಕಲಿಸಿಯೇ ಕೂದಲು ನರೆತವಳು. ನಾಳೆ ಅಕ್ಕನ ಮಗಳಿಗೆ ಪಿಯುಸಿಯ ಪ್ರಯೋಗ ಪರೀಕ್ಷೆ. ಅದರಲ್ಲಿ ಮುಗ್ಗರಿಸಿದರೆ ಎಂಜಿನಿಯರಿಂಗ್ ಸೀಟು ಕೈತಪ್ಪಿದಂತೆಯೇ.

ದಾರ ಅಳೆದು, ಬೀಗವನ್ನು ಅತ್ತಿತ್ತ ತೂಗಿಬಿಟ್ಟು, ಗುಂಡಿ ಒತ್ತುವ ಗಡಿಯಾರದಲ್ಲಿ ಹೊತ್ತು ಹಿಡಿದು, ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆಂದು ಲೆಕ್ಕ ಹಾಕಬೇಕು. ಹುಡುಗಿ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ತಂದಳು. ಒಂಬತ್ತು ಪಾಯಿಂಟ್ ಎಂಟು. ಪುಸ್ತಕದಲ್ಲಿರುವುದೂ ಅದೇ.

ಚಿಕ್ಕಮ್ಮನಿಗೆ ಮೈಯೆಲ್ಲ ಉರಿಯಿತು.

"ಹೇಗೇ ಬಂತು? ಟೇಪಿನ ಮೊದಲ ನಾಲ್ಕು ಸೆಂಟಿಮೀಟರ್ ನಾನೇ ಕತ್ತರಿಸಿ ಕೊಟ್ಟಿದ್ದೆ! ಉತ್ತರ ತಪ್ಪಲೇಬೇಕಿತ್ತು!"

"ಉತ್ತರ ಗೊತ್ತಿತ್ತಲ್ಲ. ಹಿಂದಿನಿಂದ ಲೆಕ್ಕ ಹಾಕಿ ಟೈಮ್ ಬರ್ಕೊಂಡೆ. ಕೋಚಿಂಗಲ್ಲಿ ಹಾಗೇ ಹೇಳಿಕೊಟ್ಟಿದ್ದು."

"ನಾಳೆ ಸೇತುವೆ ಕಟ್ಟೋವಾಗ್ಲೂ ಹಿಂದಿನಿಂದ ಬರ್ಕೊ! ಬಂದದ್ದು ಬರಿಬೇಕು ಕಣೇ, ಬರಬೇಕಾದ್ದಲ್ಲ!"

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಚಿಕ್ಕಮ್ಮ ಟೇಪನ್ನು ಡ್ರಾಯರಿಗೆ ಎಸೆದು ಊಟಕ್ಕೆ ಎದ್ದಳು.

ಊಟವಾದರೂ ಸಿಟ್ಟು ಇಳಿದಿರಲಿಲ್ಲ. "ಇಲ್ಲಿ ನೋಡು, ನಾನು ಮಾಡಿ ತೋರಿಸ್ತೀನಿ" ಎಂದು ಡ್ರಾಯರಿನಿಂದ ಟೇಪು ಎಳೆದು ತಾನೇ ಅಳೆದಳು. ಹತ್ತು ಪಾಯಿಂಟ್ ಮೂರು ಬಂತು.

"ಥೂ, ಗಡಿಯಾರ ಬೇಗ ಒತ್ತಿದೆ."

ಮತ್ತೆ ತೂಗಿಬಿಟ್ಟಳು. ಈ ಸಲ ಹೆಬ್ಬೆರಳು ಗುಂಡಿಯ ಮೇಲೆ ತುಸು ಕಾದು ಒತ್ತಿತು. ಒಂಬತ್ತು ಪಾಯಿಂಟ್ ಎಂಟು.

"ನೋಡಿದ್ಯಾ? ಹೀಗೆ ಅಳೀಬೇಕು!"

ಹುಡುಗಿ ಟೇಪಿನ ತುದಿಯನ್ನು ಅವಳ ಕಣ್ಣೆದುರು ಹಿಡಿದಳು. ಡ್ರಾಯರಿನಲ್ಲಿ ಎರಡು ಟೇಪುಗಳಿದ್ದವು. ಕೈಗೆ ಸಿಕ್ಕಿದ್ದು ಕತ್ತರಿಸಿದ್ದೇ.

"ಹೇಳೋದು ಶಾಸ್ತ್ರ..." ಎಂದು ಹುಡುಗಿ ಅರ್ಧಕ್ಕೆ ನಿಲ್ಲಿಸಿದಳು. ನಗಬೇಕೆಂದಿದ್ದವಳಿಗೆ ಚಿಕ್ಕಮ್ಮನ ಮುಖ ನೋಡಿ ನಗು ಬರಲಿಲ್ಲ.

ಚಿಕ್ಕಮ್ಮನಿಗೆ ನಾಚಿಕೆಯಾಯಿತು. ಬೇಕೆಂದು ಮಾಡಿದ್ದಲ್ಲ, ಬೆರಳಿಗೇ ಅಭ್ಯಾಸವಾಗಿಬಿಟ್ಟಿತ್ತು.

"ನಾಳೆ ನಂಗೂ ಹತ್ತು ಪಾಯಿಂಟ್ ಮೂರು ಬಂದ್ರೆ ಏನು ಬರೀಲಿ?"

"ಅದನ್ನೇ ಬರಿ. ಯಾಕೆ ಬಂತು ಅಂತ ಹುಡುಕು. ಸಿಗದಿದ್ರೂ ಅದನ್ನೇ ಬರಿ."

"ಮಾರ್ಕ್ಸ್ ಕೊಡ್ತಾರಾ?"

ಚಿಕ್ಕಮ್ಮ ತೂಗುತ್ತಿದ್ದ ಬೀಗವನ್ನು ಹಿಡಿದು ನಿಲ್ಲಿಸಿದಳು. ನಾಳೆಯ ಪರೀಕ್ಷಕರೂ ತನ್ನಂಥವರೇ. ಹತ್ತು ಪಾಯಿಂಟ್ ಮೂರು ಬರೆದ ಎಷ್ಟೋ ಮಕ್ಕಳಿಗೆ, ಟೇಪು ಹೇಗಿತ್ತೆಂದು ಕೇಳದೆ, ಅವಳೇ ಸೊನ್ನೆ ಸುತ್ತಿದ್ದಳು.