ಪುಕ್ಕ ಚೀಲ ಸೇರಿದ ಮೇಲೆ

"...ಪ್ರಾಣ ಒಯ್ಯಲು ಬಂದ ಸಾವಪ್ಪ, ಆರು ರೊಟ್ಟಿ ಬೇಯುವವರೆಗೆ ತಾಳೆಂದು ಮುದುಕಿ ಬೇಡಿದ್ದಕ್ಕೆ ಕಾದು ಕೂತ. ಕೊನೆಯ ರೊಟ್ಟಿಯೂ ಬೆಂದಿತು. ಮುದುಕಿ ತಲೆಗೆ ವಸ್ತ್ರ ಕಟ್ಟಿಕೊಂಡು ಸಾವಪ್ಪನ ಹಿಂದೆ ಮಾತಿಲ್ಲದೆ ನಡೆದಳು," ಎಂದು ಓದಿ ಮುಗಿಸಿ ಓಸ್ಟರ್ ಮೇಷ್ಟ್ರು ಕಣ್ಣೊರೆಸಿಕೊಂಡರು.

ಕುನಿಗುಂಡಜ್ಜಿಯನ್ನು ಮಣ್ಣು ಮಾಡಿ ಬಂದವರೆಲ್ಲ ಅವಳ ಮನೆಯಲ್ಲೇ ಕೇಕು, ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ಅಜ್ಜಿ ಹೇಳಿದ ಕತೆಯನ್ನು ಅವಳ ಗೌರವಕ್ಕೆಂದು ಮೇಷ್ಟ್ರು ಓದಿದ್ದರು. ಯಾರೂ ಅಳಲಿಲ್ಲ. ಎಲ್ಲರೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

"ಆಮೇಲೆ?" ಎಂದಳು ಪಕ್ಕದ ಮನೆಯ ಬಾರ್ಬೆಲ್.

"ಆಮೇಲೇನು? ಅಜ್ಜಿ ಹೇಳಿದ್ದೇ ಅಷ್ಟು."

"ಅಯ್ಯೋ ನಿಮ್ಮ! ಪುಕ್ಕ ಚೀಲಕ್ಕೆ ತುಂಬೋ ಮುಂಚೇನೇ ಎದ್ದು ಹೋದ್ರಾ ಮೇಷ್ಟ್ರೇ?"

* * *

ಚಳಿಗಾಲದಲ್ಲಿ ಊರ ಹೆಂಗಸರು ಹಾಸಿಗೆಗಾಗಿ ಹೆಬ್ಬಾತಿನ ಪುಕ್ಕ ಬಿಡಿಸಲು ಕುನಿಗುಂಡಜ್ಜಿಯ ಮನೆಯಲ್ಲಿ ಸೇರುತ್ತಿದ್ದರು. ಒಬ್ಬರು ಕಿಸಕ್ಕೆಂದರೆ ಸಾಕು, ಅರ್ಧ ದಿನದ ಕೆಲಸ ಸೂರಿಗೆ ಹಾರುತ್ತಿತ್ತು. ಅದಕ್ಕೇ ಅಜ್ಜಿ ನಗು ಬರುವ ಜಾಗದವರೆಗೆ ಮಾತ್ರ ಕತೆ ಹೇಳಿ ನಿಲ್ಲಿಸುತ್ತಿದ್ದಳು. ಚೀಲದ ಬಾಯಿ ಕಟ್ಟಿದ ಮೇಲೇ ಉಳಿದದ್ದು.

ಹಳೆಯ ಕತೆಗಳನ್ನು ಪುಸ್ತಕ ಮಾಡುತ್ತೇನೆಂದು ಕಾಸೆಲ್ ಪಟ್ಟಣದಿಂದ ಬಂದಿದ್ದ ಮೇಷ್ಟ್ರಿಗೆ ಇದೇನು ಗೊತ್ತು? ಅಜ್ಜಿ ನಿಲ್ಲಿಸಿದೊಡನೆ ಕತೆ ಮುಗಿಯಿತೆಂದು ಸದ್ದಿಲ್ಲದೆ ಹೊರಟುಬಿಟ್ಟರು. ಕೂಗಿ ಕರೆದರೆ ಪುಕ್ಕ ಹಾರುತ್ತದೆಂದು ಅಜ್ಜಿಯ ಮಗಳು ಲೀಸ್ಬೆತ್ ಬಾಯಿ ಮುಚ್ಚಿಕೊಂಡಳು.

"ಬಿಡೇ, ಇನ್ನೊಂದ್ಸಲ ಬರ್ತಾನೆ," ಎಂದಿದ್ದಳು ಅಜ್ಜಿ.

* * *

ಬಂದದ್ದು ಇವತ್ತು.

"ನಾಳೆ ಅಚ್ಚಿಗೆ ಹೋಗುತ್ತಲ್ಲಮ್ಮ!" ಮೇಷ್ಟ್ರಿಗೆ ಗಾಬರಿಯಾಯಿತು. "ಉಳಿದದ್ದು ಯಾರಾದ್ರೂ ಹೇಳಿ."

"ನಾನು ಶುರು ಮಾಡಿದ್ರೆ ನಗು ಬಂದು ಅರ್ಧಕ್ಕೇ ನಿಲ್ಲುತ್ತೆ," ಎಂದಳು ಬಾರ್ಬೆಲ್. "ಲೀಸ್ಬೆತ್ ಹೇಳ್ಬೇಕು."

ಲೀಸ್ಬೆತ್ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಆದರೆ ಎಪ್ಪತ್ತು ವರ್ಷ ಊರನ್ನೇ ನಗಿಸಿದ ಅವ್ವ ಪುಸ್ತಕದಲ್ಲಿ ಅಳಿಸುವವಳಾಗಿ ಉಳಿಯುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಅವ್ವನ್ನ ಮಣ್ಣು ಮಾಡಿ ಇನ್ನೂ ಗಂಟೆಯಾಗಿಲ್ಲ. ತಪ್ಪಾಗುತ್ತಾ ಪಾದ್ರಿಗಳೇ?"

"ಹೇಳಮ್ಮ," ಎಂದರು ಪಾದ್ರಿಗಳು. "ನಾನಂತೂ ನಗಲ್ಲ."

ಲೀಸ್ಬೆತ್ ಮುಖ ಬಿಗಿಹಿಡಿದು ಶುರುಮಾಡಿದಳು.

"ಕಾಯ್ತಾ ಕಾಯ್ತಾ ಸಾವಪ್ಪ ಬಿಸಿಬಿಸಿ ರೊಟ್ಟಿ ಆರೂ ನುಂಗಿದ್ದ. ದಿಣ್ಣೆ ಹತ್ತೋಕಾಗ್ದೆ ಹೊಟ್ಟೆ ಹಿಡ್ಕೊಂಡು ಕೂತ. ಪಾಪ ಅಂತ ಮುದುಕೀನೇ ಅವನನ್ನ ತಳ್ಳುಗಾಡೀಲಿ ಹಾಕ್ಕೊಂಡು ಅವನ ಮನೆಗೆ ಮುಟ್ಟಿಸಿದ್ಲು. ಬಾಗಿಲು ತೆಗೆದೋಳು ಸಾವಪ್ಪನ ಹೆಂಡ್ತಿ."

ಪಾದ್ರಿಗಳು ಬಾಯಿಗೆ ದೊಡ್ಡದೊಂದು ಕೇಕಿನ ತುಂಡು ತುರುಕಿಕೊಂಡರು.

"'ಹೊರಗೇ ತಿಂದ್ಕೊಂಡು ಬಂದ್ಯಾ? ನಾನು ಮಾಡಿಟ್ಟಿರೋ ಗಂಜಿ ಯಾರ ತಲೆಗೆ ಸುರೀಲಿ? ಸಾಲ್ದು ಅಂತ ಹೇಳ್ದೆ ಕೇಳ್ದೆ ನೆಂಟ್ರನ್ನ ಬೇರೆ ಕರ್ಕೊಂಡು ಬಂದಿದ್ದೀಯ! ನೀವು ಮನೆಗ್ ಹೋಗಿ ತಾಯೀ. ಇನ್ನು ಹತ್ತು ವರ್ಷ ಇವನನ್ನ ಹೊಸಿಲು ದಾಟೋಕೆ ಬಿಟ್ರೆ ಕೇಳಿ!'"

ಮೊದಲು ಸಿಡಿದದ್ದು ಪಾದ್ರಿಗಳೇ. ಮೇಷ್ಟ್ರು ನಗುತ್ತಲೇ ಬರೆದರು, ಅಕ್ಷರ ಸೊಟ್ಟಗಾದವು. ಬೆಳಗಿನಿಂದ ಅಳದಿದ್ದ ಲೀಸ್ಬೆತ್‌ಗೆ ನಕ್ಕು ನಕ್ಕು ಕಣ್ಣೀರು ಬಂತು, ಎದೆ ಹಗುರಾಯಿತು.

ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಬಾಗಿಲ ಮೇಲಿನ ಸೂತಕದ ಕರಿಬಟ್ಟೆ ನೋಡಿ ಟೋಪಿ ತೆಗೆದ. ಒಳಗಿನ ನಗು ಕೇಳಿ ಹಾಕಿಕೊಂಡ. ಮತ್ತೆ ಕರಿಬಟ್ಟೆ ನೋಡಿ, ಟೋಪಿಯನ್ನು ಕೈಯಲ್ಲೇ ಹಿಡಿದು ನಿಂತ.