ಕ್ಯಾಪ್ಟನ್ ಪ್ರತಿಧ್ವನಿ

ಯಾರು ಏನು ಹೇಳಿದರೂ ಅದನ್ನೊಮ್ಮೆ ಮರಳಿ ಹೇಳಿಯೇ ಮುಂದಿನ ಮಾತಿಗೆ ಹೋಗುವುದು ಆ ವಿಮಾನಚಾಲಕನ ಅಭ್ಯಾಸ. ನೆಲದಿಂದ ಬಂದ ಸೂಚನೆಯನ್ನು ಆಕಾಶದಲ್ಲಿ ಅಕ್ಷರಶಃ ಪುನರುಚ್ಚರಿಸುವುದು ವೃತ್ತಿಧರ್ಮವೇನೋ ಸರಿ. ಆದರೆ ತಂಗಿ ಅಡುಗೆಮನೆಯಿಂದ "ಬರುವಾಗ ಹಾಲು ತಗೊಂಡ್ ಬಾರೋ ಅಣ್ಣ" ಎಂದರೂ "ಹಾಲು, ಬರುವಾಗ" ಎಂದು ಗಂಭೀರವಾಗಿ ಒಪ್ಪಿಸುವವನನ್ನು ಏನೆನ್ನೋಣ? ಸಹೋದ್ಯೋಗಿಗಳು ಕ್ಯಾಪ್ಟನ್ ಪ್ರತಿಧ್ವನಿ ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಹಾರುವ ಮುನ್ನ ವಿಮಾನವನ್ನು ಒಂದು ಸುತ್ತು ಬಂದು ಪರೀಕ್ಷಿಸುವ ಆ ಸಾವಧಾನದ ನಡಿಗೆ ಮನೆಯ ಹಳೆಯ ಸ್ಕೂಟರನ್ನೂ ಬಿಟ್ಟಿರಲಿಲ್ಲ. "ಇದಕ್ಕೆ ರೆಕ್ಕೆ ಇಲ್ಲ ಕಣೋ, ಹತ್ತು" ಎಂದು ತಂಗಿ ರೇಗಿಸುತ್ತಿದ್ದಳು.

ಅಂಥವನು ಒಂದು ಚಳಿಗಾಲದಲ್ಲಿ ಎಲ್ಲಕ್ಕೂ ಬರೀ ಹೂಂ ಎನ್ನತೊಡಗಿದ. ಹಾಲಿಗೂ ಹೂಂ, ಊಟಕ್ಕೂ ಹೂಂ. ಗಾಬರಿಯಾದ ತಂಗಿ ರಜೆ ಹಾಕಿಸಿ ಮನೋವೈದ್ಯರಲ್ಲಿಗೆ ಕರೆದೊಯ್ದಳು; ಅವರು ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಅಷ್ಟರಲ್ಲೇ ಚಾಲಕರ ವಾರ್ಷಿಕ ವೈದ್ಯಕೀಯ ತಪಾಸಣೆ ಬಂತು. ಮಾತ್ರೆಯ ವಿಷಯ ಬಾಯಿಬಿಟ್ಟರೆ ಹಾರಾಟ ನಿಲ್ಲುತ್ತದೆ, ಮರಳಿ ಸಿಕ್ಕೀತೆಂಬ ಖಾತರಿಯಿಲ್ಲ. ಹಾರಾಟ ಬಿಟ್ಟರೆ ಆತನಿಗೆ ಬೇರೆ ಹಂಬಲವೇ ಇರಲಿಲ್ಲ.

"ಚೆನ್ನಾಗಿದೀನಿ ಅಂದ್ಬಿಡೋ. ಎಲ್ಲರೂ ಹಾಗೇ ಅಂತಾರಂತೆ" ಎಂದು ತಂಗಿ ಅಂಗಲಾಚಿದಳು. ಆತ ಹೂಂ ಎಂದ.

ತಪಾಸಣೆಯ ವೈದ್ಯರು ತೋಳಿನಿಂದ ರಕ್ತದೊತ್ತಡದ ಪಟ್ಟಿ ಬಿಚ್ಚುತ್ತ, ರೂಢಿಯ ಪ್ರಶ್ನೆಯೆಂಬಂತೆ, "ಮನಸ್ಸು ಹೇಗಿದೆ ಕ್ಯಾಪ್ಟನ್?" ಎಂದರು.

"ಮನಸ್ಸು ಹೇಗಿದೆ" ಎಂದ ಕ್ಯಾಪ್ಟನ್. ಎಷ್ಟೋ ದಿನಗಳ ಮೇಲೆ ತಾನಾಗಿ ಹೊರಟ ಮಾತು. ಕೇಳಿದ್ದನ್ನು ಕೇಳಿದಂತೆಯೇ ನುಡಿದು ಪಳಗಿದ ನಾಲಿಗೆಗೆ ಅದರ ಬೆನ್ನಿಗೊಂದು ಸುಳ್ಳು ಸೇರಿಸಲು ಬರಲಿಲ್ಲ. "ಸರಿಯಿಲ್ಲ ಡಾಕ್ಟ್ರೇ. ಮಾತ್ರೆ ತಗೋತಿದೀನಿ."

"ಇದನ್ನ ಬರೆದ್ರೆ ಸದ್ಯಕ್ಕೆ ಹಾರೋ ಹಾಗಿಲ್ಲ. ಮನಸ್ಸು ಸ್ಥಿರವಾಯ್ತಾ ಅಂತ ತಿಂಗಳುಗಟ್ಟಲೆ ನೋಡಿ, ಆಮೇಲೆ ವೈದ್ಯಕೀಯ ಮಂಡಳಿ ಹೇಳಬೇಕು."

"ಸದ್ಯಕ್ಕೆ ಹಾರೋ ಹಾಗಿಲ್ಲ. ಆಮೇಲೆ ಮಂಡಳಿ ಹೇಳಬೇಕು. ಬರ್ಕೊಳ್ಳಿ."

ತಂಗಿ ಅತ್ತಳು, ಸಿಟ್ಟಾದಳು, ಎರಡು ದಿನ ಮಾತು ಬಿಟ್ಟಳು. ಆತ ಮಾತ್ರ ಚಿನ್ನದ ಪಟ್ಟಿಗಳ ನೀಲಿ ಕೋಟನ್ನು ಪ್ರತಿ ಭಾನುವಾರ ಧೂಳು ಜಾಡಿಸಿ ಮತ್ತೆ ತೂಗುಹಾಕುತ್ತಿದ್ದ, ಒಮ್ಮೆಯೂ ತೊಡಲಿಲ್ಲ. ಆರೋಗ್ಯ ಚಿಗುರಿದ ಮೇಲೆ, ನೆಲದ ಮೇಲೆಯೇ ಹಾರಾಟ ಕಲಿಸುವ ಸಿಮ್ಯುಲೇಟರ್ ಕೋಣೆಯಲ್ಲಿ ಪಾಠಕ್ಕೆ ನಿಂತ. ಯಾಕೆ ಹಾರುತ್ತಿಲ್ಲವೆಂದು ಕೇಳಿದವರಿಗೆ, ಮೊಣಕಾಲು ನೋವಿನ ಸುದ್ದಿ ಹೇಳುವಷ್ಟು ಸಲೀಸಾಗಿ, "ಖಿನ್ನತೆ, ಮಾತ್ರೆ ನಡೀತಿದೆ" ಎನ್ನುತ್ತಿದ್ದ. ನಕ್ಕವರೂ ಇದ್ದರು, ಆಮೇಲೆ ಒಬ್ಬರೇ ಬಂದು, ಬಾಗಿಲು ಮುಚ್ಚಿ, ಆ ಮನೋವೈದ್ಯರ ವಿಳಾಸ ಕೇಳಿದವರೂ ಇದ್ದರು.

ಕೊನೆಗೆ ಮಂಡಳಿಯ ತೀರ್ಪು ಬಂದ ದಿನ ಬಾಗಿಲಲ್ಲೇ ನಿಂತು ತಂಗಿಗೆ ಒಪ್ಪಿಸಿದ: "ಹಾರಬಹುದು. ಆದ್ರೆ ಒಬ್ಬನೇ ಅಲ್ಲ. ಜೊತೆಗೆ ಇನ್ನೊಬ್ಬ ಪೈಲಟ್ ಇರಲೇಬೇಕು."

"ಅದೇನು ದೊಡ್ಡ ಷರತ್ತೋ, ನಮಗೆಲ್ಲ ಇರೋದೂ ಅದೇ" ಎಂದು ಆಕೆ ಕಣ್ಣೊರೆಸಿಕೊಂಡಳು. "ಹೋಗಿ ಹಾಲು ತಗೊಂಡ್ ಬಾ."

"ಹಾಲು" ಎಂದ, ಸ್ಕೂಟರನ್ನು ಒಂದು ಸುತ್ತು ಬರುತ್ತ.

ಎತ್ತರಕ್ಕೆ ಏರುವವರನ್ನೇ ನಾವು ಧೀರರೆಂದು ನಂಬಿದ್ದೇವೆ. ಇಂದು ನನ್ನಿಂದಾಗದು ಎಂದು ಏಣಿಯ ಬುಡದಲ್ಲೇ ನಿಂತು ಹೇಳಬಲ್ಲವರು ವಿರಳ; ಅಂಥವರು ಮುಂದಿನ ಆಸನದಲ್ಲಿದ್ದರೆ, ಹಿಂದೆಲ್ಲೋ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು.